ಏರ್‌ಬ್ರಷ್ಷಿಗೆ ತಕ್ಕ ಕಂಪ್ರೆಸರ್

ಪ್ಲಾಸ್ಟಿಕ್ ಬಿಡಿಭಾಗಗಳನ್ನು ಜೋಡಿಸಿ ವಿಮಾನ, ಹಡಗುಗಳ ಪುಟ್ಟ ಮಾದರಿಗಳನ್ನು ಕಟ್ಟುವ ಹವ್ಯಾಸವು ಮುಂಬಯಿಯ ನಮ್ಮ ವಿದ್ಯಾರ್ಥಿಗಳಲ್ಲಿಯೂ ಕೆಲವರಿಗೆ ಉಂಟು. ಕುಂಚದಿಂದ ಬಳಿದ ಬಣ್ಣದಲ್ಲಿ ಗೆರೆಗಳು ಉಳಿಯುವುವು. ಲೇಖನಿಯಾಕಾರದ ಏರ್‌ಬ್ರಷ್ಷಾದರೋ ಬಣ್ಣವನ್ನು ಮಂಜಿನಂತೆ ಹರಡುವುದು. ಅದಕ್ಕೆ ಗಾಳಿಯನ್ನು ಒದಗಿಸುವ ಕಂಪ್ರೆಸರ್ ಏರ್‌ಬ್ರಷ್ಷಿಗಿಂತಲೂ ದುಬಾರಿಯಾಗಬಹುದು. ತಂದೆತಾಯಿಗಳ ಹಣವನ್ನು ವ್ಯಯಿಸುವ ಮುನ್ನ ಅದರ ಕಾರ್ಯವನ್ನು ಅರಿಯುವುದು ಯುಕ್ತ.

ಹೆಚ್ಚು ಅಶ್ವಶಕ್ತಿಯ ಯಂತ್ರವೇ ಉತ್ತಮವೆಂಬುದು ಹಲವರ ಎಣಿಕೆ. ನಾವು ಇದನ್ನು ಒಪ್ಪಲಾರೆವು. ಮಾದರಿಗಳ ಕೆಲಸಕ್ಕೆ ಚದರ ಅಂಗುಲಕ್ಕೆ 15ರಿಂದ 25 ಪೌಂಡು ಒತ್ತಡ ಸಾಕು. ಕಾರಿನ ಟಯರಿನಲ್ಲಿಯೂ ಇದಕ್ಕಿಂತ ಹೆಚ್ಚು ಇರುವುದು. 0.3 ಮಿಲಿಮೀಟರ್ ರಂಧ್ರದ ಏರ್‌ಬ್ರಷ್ ನಿಮಿಷಕ್ಕೆ ಸುಮಾರು 10ರಿಂದ 15 ಲೀಟರ್ ಗಾಳಿಯನ್ನು ಬಳಸುವುದು. ಆದುದರಿಂದ ನಿಮಿಷಕ್ಕೆ 20 ಲೀಟರಿಗೆ ಮೇಲ್ಪಟ್ಟು ಗಾಳಿ ಕೊಡುವ, ಎಣ್ಣೆ ಬೇಡದ, 1/6 ಅಶ್ವಶಕ್ತಿಯ ಪಿಸ್ಟನ್ ಯಂತ್ರವೇ ಧಾರಾಳ.

ಆದರೆ ಗಾಳಿಯು ಒಂದೇ ಸಮನೆ ಬರಬೇಕು. ಪಿಸ್ಟನ್ನಿನ ಒಂದೊಂದು ಬಡಿತಕ್ಕೂ ಗಾಳಿ ತಡೆತಡೆದು ಬಂದರೆ ಸಣ್ಣ ಗೆರೆ ನಡುಗುವುದು. ಯಂತ್ರಕ್ಕೆ 3 ಲೀಟರಿನ ಟ್ಯಾಂಕೊಂದಿದ್ದರೆ ಈ ಕಂಪನ ಅಡಗುವುದು. ಅದು ತುಂಬಿದೊಡನೆ ಮೋಟಾರು ತಾನಾಗಿ ನಿಂತು ತಣಿಯುವುದು. (ಗೋಡೆಯಾಚೆಯ ನೆರೆಯವರಿಗೂ ಅಷ್ಟು ಹೊತ್ತು ನೆಮ್ಮದಿ!) ಕಾರಿನ ಟಯರಿಗೆ ಗಾಳಿ ತುಂಬುವ ಅಗ್ಗದ ಪಂಪು ಇಲ್ಲಿ ಸಲ್ಲದು. ಬಹುಕಾಲ ನಡೆಯಲು ರಚಿತವಾಗದ ಅದು ಬೇಗನೆ ಬಿಸಿಯೇರುವುದು.

ಮುಂಬಯಿಯವರು ವಿಶೇಷವಾಗಿ ಗಮನಿಸಬೇಕಾದುದು ನೀರನ್ನು. ಮಳೆಗಾಲದಲ್ಲಿ 30 ಡಿಗ್ರಿ ಸೆಲ್ಸಿಯಸ್‌ನ, ತೇವ ತುಂಬಿದ ಒಂದು ಘನ ಮೀಟರ್ ಗಾಳಿಯಲ್ಲಿ ಸುಮಾರು 30 ಗ್ರಾಂ ನೀರಾವಿ ಅಡಗಿರುವುದು. ಅದನ್ನು ಐದನೆಯ ಒಂದು ಪಾಲು ಜಾಗಕ್ಕೆ ಅದುಮಿ ಮತ್ತೆ ತಣಿಸಿದರೆ ಅಷ್ಟು ಜಾಗದಲ್ಲಿ 6 ಗ್ರಾಂ ಮಾತ್ರ ಆವಿಯಾಗಿ ಉಳಿದು, ಮಿಕ್ಕ 24 ಗ್ರಾಂ ನೀರಾಗುವುದು. ನಿಮಿಷಕ್ಕೆ 15 ಲೀಟರಿನಂತೆ ಎಡೆಬಿಡದೆ ಒಂದು ಗಂಟೆ ಬಣ್ಣ ಹಾಯಿಸಿದರೆ ಬೇಕಾಗುವ ಗಾಳಿ ಹೆಚ್ಚುಕಡಿಮೆ ಇಷ್ಟೇ. ಸುಮಾರು ಐದು ಟೀ ಚಮಚದಷ್ಟು ಈ ನೀರಿನಲ್ಲಿ ಒಂದೇ ಹನಿ ನಳಿಗೆಯಿಂದ ಸಿಡಿದರೂ ವಿಮಾನದ ರೆಕ್ಕೆಯ ಮೇಲೆ ಕಲೆಯಾಗುವುದು. ಹಣ ಮಿತವಾಗಿದ್ದರೆ ಅಶ್ವಶಕ್ತಿಯಲ್ಲಿ ಉಳಿಸಿ, ಟ್ಯಾಂಕು, ಒತ್ತಡವನ್ನು ಹದಗೊಳಿಸುವ ರೆಗ್ಯುಲೇಟರ್, ನೀರು ಹಿಡಿಯುವ ಬಟ್ಟಲು ಇವುಗಳಿಗೆ ವ್ಯಯಿಸಬೇಕೆಂದು ನಾವು ಹೇಳುವುದು ಇದಕ್ಕಾಗಿಯೇ. ಟ್ಯಾಂಕಿನ ತಳದ ತಿರುಪನ್ನು ಸಡಿಲಿಸಿ ಪ್ರತಿದಿನವೂ ನೀರನ್ನು ಹೊರಬಿಡತಕ್ಕದ್ದು. ಇಲ್ಲವಾದರೆ ಉಕ್ಕು ಒಳಗಿನಿಂದ ತುಕ್ಕು ಹಿಡಿಯುವುದು.

ಹಳೆಯ ಡಬ್ಬಿ, ಸಿಲಿಂಡರುಗಳನ್ನು ಟ್ಯಾಂಕಾಗಿ ಮಾಡಿಕೊಳ್ಳುವ ಸಾಹಸ ಎಂದಿಗೂ ಕೂಡದು. ಅದುಮಿದ ಗಾಳಿಯಿಂದ ಲೋಹ ಸಿಡಿದರೆ ಕಣ್ಣಿಗೂ ಪ್ರಾಣಕ್ಕೂ ಅಪಾಯ.

ಅಂಗಡಿಯಲ್ಲಿ ಮೊದಲು ಸುರಕ್ಷಾ ಕವಾಟವಿದೆಯೇ ಎಂದು ನೋಡಿರಿ. ಬಳಿಕ ಟ್ಯಾಂಕು ತುಂಬಿಸಿ, ಗಾಳಿಯ ದ್ವಾರವನ್ನು ಮುಚ್ಚಿಸಿ, ಮೋಟಾರು ನಿಂತ ಮೇಲೆ ಹತ್ತು ನಿಮಿಷ ಒತ್ತಡದ ಮುಳ್ಳನ್ನು ಗಮನಿಸಿರಿ. ಅದು ಇಳಿಯುತ್ತ ಹೋದರೆ ಎಲ್ಲಿಯೋ ಸೋರಿಕೆಯುಂಟು; ಬೇರೊಂದನ್ನು ಕೇಳಿರಿ.