ಉದ್ಯೋಗ ಖಾತರಿಯಲ್ಲಿ ನಿರುದ್ಯೋಗ ಭತ್ಯೆ: ಯಾರಿಗೆ ಸಲ್ಲುತ್ತದೆ, ಎಷ್ಟು ದಿನ, ಎಲ್ಲಿಗೆ ನಿಲ್ಲುತ್ತದೆ

ಮಾನ್ಯ ಗ್ರಾಮ ಪಂಚಾಯತಿ ಸದಸ್ಯರ ಗಮನಕ್ಕೆ,

ಕೆಲಸ ಕೇಳಿದ ಕುಟುಂಬಕ್ಕೆ ನಿಗದಿತ ಅವಧಿಯೊಳಗೆ ಕೆಲಸ ಒದಗಿಸಲಾಗದಿದ್ದರೆ ಭತ್ಯೆ ನೀಡಬೇಕೆಂದು ಮಹಾತ್ಮ ಗಾಂಧಿ ರಾಷ್ಟ್ರೀಯ ಗ್ರಾಮೀಣ ಉದ್ಯೋಗ ಖಾತರಿ ಅಧಿನಿಯಮ, 2005ರ 7ನೇ ಪ್ರಕರಣವು ವಿಧಿಸುತ್ತದೆ. ಈ ಪ್ರಕರಣವಿಲ್ಲದಿದ್ದರೆ ‘ಖಾತರಿ’ ಎಂಬ ಪದಕ್ಕೆ ಅರ್ಥವೇ ಇರುತ್ತಿರಲಿಲ್ಲ. ಆದರೂ ಗ್ರಾಮ ಸಭೆಗಳಲ್ಲಿ ಅತಿ ಕಡಿಮೆ ಚರ್ಚೆಗೆ ಬರುವುದೂ ಇದೇ. ಹೊಸಪೇಟೆ ತಾಲ್ಲೂಕಿನ ಹಾಗೂ ಹಂಪಿ ಭಾಗದ ಸದಸ್ಯರಿಗೆ ಮಾತ್ರವಲ್ಲದೆ, ಇಂದು ಬಳ್ಳಾರಿ ಜಿಲ್ಲೆಯಲ್ಲಿಯೇ ಉಳಿದಿರುವ ಸಂಡೂರು ಮತ್ತು ಕಂಪ್ಲಿ ತಾಲ್ಲೂಕುಗಳ ಸದಸ್ಯರಿಗೂ ಈ ವಿವರಣೆ ಸಮನಾಗಿ ಅನ್ವಯಿಸುತ್ತದೆ. 2021ರಲ್ಲಿ ಜಿಲ್ಲೆ ಬೇರೆಯಾಯಿತೇ ಹೊರತು ಕಾನೂನು ಬೇರೆಯಾಗಲಿಲ್ಲ.

ಮೊದಲಿಗೆ ಅರ್ಹತೆಯ ವಿಚಾರ. ಗ್ರಾಮೀಣ ಪ್ರದೇಶದ ನಿವಾಸಿಯಾಗಿರಬೇಕು, ವಯಸ್ಕರಾಗಿರಬೇಕು, ಕೌಶಲರಹಿತ ದೈಹಿಕ ಕೆಲಸಕ್ಕೆ ಸಿದ್ಧರಿರಬೇಕು, ಕುಟುಂಬದ ಹೆಸರಿನಲ್ಲಿ ಉದ್ಯೋಗ ಚೀಟಿ ಇರಬೇಕು. ಇಷ್ಟೇ. ಬಿ.ಪಿ.ಎಲ್. ಪಡಿತರ ಚೀಟಿ ಇರಬೇಕೆಂದಾಗಲಿ, ಜಮೀನು ಇರಬಾರದೆಂದಾಗಲಿ, ಹಿಂದೆ ಕಾರ್ಖಾನೆಯಲ್ಲಿ ದುಡಿದಿರಬಾರದೆಂದಾಗಲಿ ಅಧಿನಿಯಮದಲ್ಲಿ ಎಲ್ಲಿಯೂ ಹೇಳಿಲ್ಲ. ‘ಅವರಿಗೆ ಎರಡೆಕರೆ ಗದ್ದೆಯಿದೆ, ಅವರಿಗೇಕೆ ಕೂಲಿ’ ಎಂಬ ಮಾತು ಪಂಚಾಯತಿ ಕಟ್ಟೆಯಲ್ಲಿ ಕೇಳಿಬರುವುದುಂಟು. ಕಾನೂನಿನ ದೃಷ್ಟಿಯಲ್ಲಿ ಅದಕ್ಕೆ ಬೆಲೆಯಿಲ್ಲ. ಆದರೆ ಹೊಸಪೇಟೆ ನಗರ, ಸಂಡೂರು, ಕಂಪ್ಲಿ ಮತ್ತು ಕಮಲಾಪುರ ಪಟ್ಟಣಗಳ ಸ್ಥಳೀಯ ಸಂಸ್ಥೆಗಳ ವ್ಯಾಪ್ತಿಯೊಳಗೆ ವಾಸವಿರುವವರಿಗೆ ಈ ಯೋಜನೆ ಅನ್ವಯವಾಗದು.

ಭತ್ಯೆಯ ಹಕ್ಕು ಆರಂಭವಾಗುವುದು ಒಂದು ಕಾಗದದಿಂದ. ನಮೂನೆ 6ರಲ್ಲಿ ಕೆಲಸದ ಬೇಡಿಕೆ ಸಲ್ಲಿಸಿ, ದಿನಾಂಕ ನಮೂದಿಸಿದ ಸ್ವೀಕೃತಿ ಪಡೆದವರಿಗೆ ಮಾತ್ರ ದಿನಗಳ ಲೆಕ್ಕ ಶುರುವಾಗುತ್ತದೆ. ಅರ್ಜಿ ಸ್ವೀಕೃತವಾದ ಹದಿನೈದು ದಿನಗಳೊಳಗೆ, ಅಥವಾ ಮುಂಗಡ ಅರ್ಜಿಯಾಗಿದ್ದಲ್ಲಿ ಕೆಲಸ ಬೇಕೆಂದು ಕೇಳಿದ ದಿನಾಂಕದಿಂದ, ಇವೆರಡರಲ್ಲಿ ಯಾವುದು ತಡವೋ ಆ ದಿನದೊಳಗೆ ಕೆಲಸ ದೊರೆಯದಿದ್ದರೆ ಭತ್ಯೆ ಸಲ್ಲಬೇಕಾಗುತ್ತದೆ. ಸದಸ್ಯರು ಇಲ್ಲಿ ವಿಶೇಷವಾಗಿ ಎಚ್ಚರ ವಹಿಸತಕ್ಕದ್ದು. ಬಾಯಿಮಾತಿನಲ್ಲಿ ಬೇಡಿಕೆ ಪಡೆದು, ಕಾಮಗಾರಿ ಸಿದ್ಧವಾಗಿ ಎನ್.ಎಂ.ಆರ್. ತೆಗೆಯುವ ದಿನವೇ ಅರ್ಜಿಯನ್ನು ಗಣಕಯಂತ್ರದಲ್ಲಿ ನಮೂದಿಸಿದರೆ, ಕಡತದಲ್ಲಿ ವಿಳಂಬವೇ ಕಾಣಿಸದು. ಕೂಲಿಕಾರರು ಒಂದು ತಿಂಗಳು ಕಾದಿದ್ದರೂ ದಾಖಲೆಯಲ್ಲಿ ಕೇಳಿದ ದಿನವೇ ಕೆಲಸ ಸಿಕ್ಕಂತಿರುತ್ತದೆ. ಭತ್ಯೆಯ ಶೀರ್ಷಿಕೆಯಡಿ ಸೊನ್ನೆ ಇದ್ದಾಗ ಎಲ್ಲರಿಗೂ ಕೆಲಸ ಸಿಕ್ಕಿತೆಂದು ತಿಳಿಯುವ ಮೊದಲು ಸ್ವೀಕೃತಿ ಪುಸ್ತಕವನ್ನು ತರಿಸಿ ನೋಡುವುದು ಲೇಸು.

ಭತ್ಯೆಯ ದರವು ಆರ್ಥಿಕ ವರ್ಷದ ಮೊದಲ ಮೂವತ್ತು ದಿನಗಳಿಗೆ ಕೂಲಿ ದರದ ನಾಲ್ಕನೇ ಒಂದು ಭಾಗಕ್ಕಿಂತ ಕಡಿಮೆಯಿರಬಾರದು. ಉಳಿದ ಅವಧಿಗೆ ಅರ್ಧಕ್ಕಿಂತ ಕಡಿಮೆಯಿರಬಾರದು. 2025-26ನೇ ಸಾಲಿಗೆ ಕರ್ನಾಟಕದ ಕೂಲಿ ದರ ದಿನಕ್ಕೆ ರೂ. 370. ಅಂದರೆ ಮೊದಲು ರೂ. 92.50, ನಂತರ ರೂ. 185. ಉದಾಹರಣೆಗೆ, ಕಂಪ್ಲಿ ಭಾಗದ ಒಂದು ಕುಟುಂಬವನ್ನು ಭಾವಿಸೋಣ. ಬೇಸಿಗೆಯಲ್ಲಿ ಕಾಲುವೆಯ ನೀರು ನಿಂತು ಗದ್ದೆಯ ಕೆಲಸವಿಲ್ಲ. ಅವರು ಏಪ್ರಿಲ್ 10ರಂದು ಅರ್ಜಿ ಕೊಟ್ಟು, ಮೇ 1ರಿಂದ 42 ದಿನಗಳ ಕೆಲಸ ಕೇಳಿದ್ದಾರೆ. ಅರ್ಜಿಯಿಂದ ಹದಿನೈದು ದಿನವೆಂದರೆ ಏಪ್ರಿಲ್ 25; ಕೇಳಿದ ದಿನಾಂಕ ಮೇ 1. ತಡವಾದುದು ಮೇ 1. ಜೂನ್ 11ರವರೆಗೆ ಒಂದು ದಿನವೂ ಕೆಲಸ ಸಿಗಲಿಲ್ಲವೆಂದರೆ, ವಾರದ ರಜೆಯ ಲೆಕ್ಕವನ್ನು ಬದಿಗಿಟ್ಟು, ಮೂವತ್ತು ದಿನಕ್ಕೆ ರೂ. 2,775, ಉಳಿದ ಹನ್ನೆರಡು ದಿನಕ್ಕೆ ರೂ. 2,220, ಒಟ್ಟು ರೂ. 4,995. ತುಂಗಭದ್ರಾ ಅಚ್ಚುಕಟ್ಟಿನಲ್ಲಿ ಎರಡನೇ ಬೆಳೆಗೆ ನೀರು ದೊರೆಯದ ವರ್ಷಗಳಲ್ಲಿ ನಾಟಿ, ಕಳೆ, ಕೊಯ್ಲು ಎಲ್ಲವೂ ಒಟ್ಟಿಗೆ ಕೈತಪ್ಪುವ ಮನೆಗೆ ಇದು ಚಿಕ್ಕ ಮೊತ್ತವಲ್ಲ.

ಈ ಹಣವನ್ನು ಪಂಚಾಯತಿಯ ನಿಧಿಯಿಂದ ಕಡಿತ ಮಾಡುತ್ತಾರೆಂಬ ಭಯದಿಂದಲೂ ಸ್ವೀಕೃತಿ ಕೊಡಲು ಹಿಂಜರಿಯುವುದುಂಟು. ಅಧಿನಿಯಮದ 22ನೇ ಪ್ರಕರಣದಂತೆ ನಿರುದ್ಯೋಗ ಭತ್ಯೆಯ ವೆಚ್ಚವು ರಾಜ್ಯ ಸರ್ಕಾರದ್ದು. ಪಂಚಾಯತಿಯು ಅರ್ಜಿಯನ್ನು ಬಚ್ಚಿಟ್ಟು ಉಳಿಸುವುದು ಏನೂ ಇಲ್ಲ.

ಭತ್ಯೆಗೆ ಅಂತ್ಯವೂ ಇದೆ. ಕೆಲಸಕ್ಕೆ ಹಾಜರಾಗುವಂತೆ ಪಂಚಾಯತಿ ಅಥವಾ ಕಾರ್ಯಕ್ರಮ ಅಧಿಕಾರಿ ಸೂಚಿಸಿದಾಗ, ಕೆಲಸ ಕೇಳಿದ ಅವಧಿ ಮುಗಿದಾಗ, ಕುಟುಂಬದ ವಯಸ್ಕರು ಒಟ್ಟಾಗಿ ವರ್ಷದಲ್ಲಿ ನೂರು ದಿನ ಪೂರೈಸಿದಾಗ, ಅಥವಾ ಕೂಲಿ ಮತ್ತು ಭತ್ಯೆ ಸೇರಿ ನೂರು ದಿನಗಳ ಕೂಲಿಗೆ ಸಮನಾದಾಗ ಹೊಣೆ ಮುಗಿಯುತ್ತದೆ. 2025-26ರ ದರದಲ್ಲಿ ಆ ಮಿತಿ ರೂ. 37,000. ತೊಂಬತ್ತು ದಿನ ದುಡಿದು ರೂ. 33,300 ಪಡೆದ ಮನೆಗೆ ಭತ್ಯೆಯಾಗಿ ಸಿಗಬಹುದಾದುದು ಹೆಚ್ಚೆಂದರೆ ರೂ. 3,700.

ಹೆಚ್ಚುವರಿ ದಿನಗಳ ಕುರಿತು ಅತಿ ಹೆಚ್ಚು ಗೊಂದಲವಿರುವುದು ಇಲ್ಲಿಯೇ. ಬರ ಅಥವಾ ನೈಸರ್ಗಿಕ ವಿಕೋಪ ಪೀಡಿತವೆಂದು ಘೋಷಿತವಾದ ಗ್ರಾಮೀಣ ಪ್ರದೇಶಗಳಲ್ಲಿ ಕೇಂದ್ರ ಸರ್ಕಾರದ ಅನುಮತಿಯಂತೆ ವರ್ಷಕ್ಕೆ 50 ದಿನಗಳವರೆಗೆ ಹೆಚ್ಚುವರಿ ಕೆಲಸ ನೀಡಬಹುದು. ರಾಜ್ಯ ಸರ್ಕಾರವು ತಾಲ್ಲೂಕನ್ನು ಬರಪೀಡಿತವೆಂದು ಘೋಷಿಸಿದ ಮಾತ್ರಕ್ಕೆ ಈ ದಿನಗಳು ತಾನಾಗಿ ದೊರೆಯವು. ಕೇಂದ್ರದ ಅನುಮತಿ ಬಂದಿರಬೇಕು. ಅರಣ್ಯ ಹಕ್ಕು ಕಾಯ್ದೆಯಡಿ ಹಕ್ಕುಪತ್ರ ಪಡೆದಿದ್ದು, ಆ ಭೂಮಿಯ ಹೊರತು ಬೇರೆ ಖಾಸಗಿ ಆಸ್ತಿಯಿಲ್ಲದ ಪರಿಶಿಷ್ಟ ಪಂಗಡದ ಅರಣ್ಯವಾಸಿ ಕುಟುಂಬಗಳಿಗೆ ಬರವಿಲ್ಲದಿದ್ದರೂ 150 ದಿನಗಳ ಅವಕಾಶವಿದೆ. ಸಂಡೂರಿನ ಬೆಟ್ಟದ ಅಂಚಿನ ಪಂಚಾಯತಿಗಳು ತಮ್ಮಲ್ಲಿ ಅಂಥ ಕುಟುಂಬಗಳಿವೆಯೇ ಎಂದು ಪರಿಶೀಲಿಸತಕ್ಕದ್ದು. ಆದರೆ 7ನೇ ಪ್ರಕರಣದ ಪದಗಳನ್ನು ಗಮನವಿಟ್ಟು ಓದಿದರೆ, ಭತ್ಯೆಯ ಹೊಣೆ ನೂರು ದಿನಗಳಿಗೇ ಮುಗಿಯುತ್ತದೆ. ವಿಸ್ತರಣೆಯಾಗುವುದು ಕೆಲಸ, ಭತ್ಯೆ ವಿಸ್ತರಣೆಯಾಗದು. ಬರಗಾಲದಲ್ಲಿ ಇದು ಕಠಿಣವೆನಿಸಬಹುದು. ಹಾಗಿದ್ದರೂ ಜನರಿಗೆ ಇಲ್ಲದ ಭರವಸೆ ಕೊಡುವುದಕ್ಕಿಂತ, ನೂರು ದಿನ ತುಂಬುವ ಮೊದಲೇ ಕಾಮಗಾರಿಗಳನ್ನು ಸಿದ್ಧವಾಗಿಟ್ಟುಕೊಳ್ಳುವುದು ಉಚಿತ.

ಹಂಪಿ ಪರಿಸರದ ಪಂಚಾಯತಿಗಳಿಗೆ ಬೇರೊಂದು ಅಡಚಣೆಯಿದೆ. ಸಂರಕ್ಷಿತ ಸ್ಮಾರಕದಿಂದ 100 ಮೀಟರ್ ನಿಷೇಧಿತ ವಲಯ, ಅದರಾಚೆ 200 ಮೀಟರ್ ನಿಯಂತ್ರಿತ ವಲಯ. ಜೊತೆಗೆ ಹಂಪಿ ವಿಶ್ವ ಪರಂಪರೆ ಪ್ರದೇಶ ನಿರ್ವಹಣಾ ಪ್ರಾಧಿಕಾರದ ನಿಯಮಗಳು. ಎಲ್ಲೆಂದರಲ್ಲಿ ಗುದ್ದಲಿ ಹಾಕುವಂತಿಲ್ಲ. ಆದರೆ ಸ್ಥಳವಿಲ್ಲವೆಂಬುದು ಕೆಲಸ ನಿರಾಕರಿಸಲು ಕಾರಣವಾಗದು, ಭತ್ಯೆ ನಿರಾಕರಿಸಲು ಇನ್ನೂ ಆಗದು. ವಾಸಸ್ಥಳದಿಂದ ಐದು ಕಿಲೋಮೀಟರ್ ಒಳಗೆ ಸಾಧ್ಯವಾಗದಿದ್ದಲ್ಲಿ ತಾಲ್ಲೂಕಿನೊಳಗೆ ದೂರದ ಕಾಮಗಾರಿಗೆ ಕಳುಹಿಸಿ ಶೇ. 10ರಷ್ಟು ಹೆಚ್ಚು ಕೂಲಿ, ಅಂದರೆ 2025-26ರ ದರದಲ್ಲಿ ದಿನಕ್ಕೆ ರೂ. 407 ಪಾವತಿಸಬಹುದು.

ಕೆಲಸ ಕೊಟ್ಟರೂ ಒಪ್ಪದವರು, ಸೂಚನೆ ಬಂದ ಹದಿನೈದು ದಿನಗಳೊಳಗೆ ಹಾಜರಾಗದವರು, ಅನುಮತಿಯಿಲ್ಲದೆ ಸತತವಾಗಿ ಒಂದು ವಾರಕ್ಕಿಂತ ಹೆಚ್ಚು ಅಥವಾ ಒಂದು ತಿಂಗಳಲ್ಲಿ ಒಟ್ಟು ಒಂದು ವಾರಕ್ಕಿಂತ ಹೆಚ್ಚು ಗೈರಾದವರು ಮೂರು ತಿಂಗಳ ಕಾಲ ಭತ್ಯೆಗೆ ಅರ್ಹರಲ್ಲ. ಭತ್ಯೆಗೆ ಮಾತ್ರ, ಕೆಲಸ ಕೇಳುವ ಹಕ್ಕು ಆಗಲೂ ಉಳಿದಿರುತ್ತದೆ. ಇದನ್ನು ಮರೆತು ಉದ್ಯೋಗ ಚೀಟಿಯನ್ನೇ ರದ್ದುಪಡಿಸಲು ಹೇಳುವುದು ಕಾನೂನುಬಾಹಿರ.

ಸಂಡೂರು ಭಾಗದವರು ಮತ್ತೊಂದು ಪ್ರಶ್ನೆ ಕೇಳುತ್ತಾರೆ: ಗಣಿ ಅಥವಾ ಕಾರ್ಖಾನೆಯ ಕೆಲಸ ಹೋದವರಿಗೆ ಏನು? 2011ರ ಜುಲೈ 29ರಂದು ಸರ್ವೋಚ್ಚ ನ್ಯಾಯಾಲಯವು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ತಡೆಹಿಡಿದಾಗ ಈ ಪ್ರಶ್ನೆ ಊರೂರಿಗೆ ಬಂದಿತ್ತು. ಇ.ಎಸ್.ಐ. ವಿಮೆಯುಳ್ಳ ಕಾರ್ಮಿಕರಿಗೆ ‘ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ್ ಯೋಜನೆ’ಯಡಿ ಜೀವಿತಾವಧಿಯಲ್ಲಿ ಒಮ್ಮೆ, 90 ದಿನಗಳವರೆಗೆ, ಸರಾಸರಿ ದಿನಗೂಲಿಯ ಅರ್ಧದಷ್ಟು ನೆರವಿದೆ. ಆದರೆ ಗಣಿ ಅಧಿನಿಯಮ, 1952ರ ವ್ಯಾಪ್ತಿಗೆ ಬರುತ್ತಿದ್ದ ಗಣಿಗಳು 2025ರವರೆಗೆ ಜಾರಿಯಲ್ಲಿದ್ದ ಇ.ಎಸ್.ಐ. ಅಧಿನಿಯಮದ ‘ಕಾರ್ಖಾನೆ’ ಎಂಬ ವ್ಯಾಖ್ಯೆಯಿಂದ ಹೊರಗಿದ್ದವು. ಹೀಗಾಗಿ ಅದಿರು ಅಗೆಯುವವರಿಗೆ ಆ ಬಾಗಿಲು ಸಾಮಾನ್ಯವಾಗಿ ತೆರೆಯುತ್ತಿರಲಿಲ್ಲ. ಹಳ್ಳಿಯಲ್ಲಿ ಮನೆಯಿದ್ದರೆ ಅವರಿಗೆ ಉಳಿಯುತ್ತಿದ್ದುದು ಉದ್ಯೋಗ ಚೀಟಿಯೇ. ಪದವೀಧರರಿಗೆ ತಿಂಗಳಿಗೆ ರೂ. 3,000, ಡಿಪ್ಲೊಮಾ ಪಡೆದವರಿಗೆ ರೂ. 1,500ರಂತೆ ಗರಿಷ್ಠ ಎರಡು ವರ್ಷ ನೀಡುವ ‘ಯುವನಿಧಿ’ಯೂ ಬೇರೆಯದೇ ಯೋಜನೆ. ಅದರ ಅರ್ಜಿ ಸೇವಾ ಸಿಂಧು ಮೂಲಕ. ಗ್ರಾಮ ಪಂಚಾಯತಿಯ ನಮೂನೆ 6ಕ್ಕೂ ಅದಕ್ಕೂ ಸಂಬಂಧವಿಲ್ಲ.

ಸಲ್ಲಬೇಕಾದ ಭತ್ಯೆಯನ್ನು ಹದಿನೈದು ದಿನಗಳೊಳಗೆ ಪಾವತಿಸತಕ್ಕದ್ದು. ಪಾವತಿ ಸಾಧ್ಯವಾಗದಿದ್ದರೆ ಕಾರ್ಯಕ್ರಮ ಅಧಿಕಾರಿಯು ಜಿಲ್ಲಾ ಕಾರ್ಯಕ್ರಮ ಸಂಯೋಜಕರಿಗೆ ವರದಿ ಮಾಡಿ, ಕಾರಣವನ್ನು ಗ್ರಾಮ ಪಂಚಾಯತಿಯ ಸೂಚನಾ ಫಲಕದಲ್ಲಿಯೂ ಪ್ರಕಟಿಸಬೇಕೆಂದು 8ನೇ ಪ್ರಕರಣ ಹೇಳುತ್ತದೆ. ಭತ್ಯೆ ಬಾರದ ಕುಟುಂಬವು ಸ್ವೀಕೃತಿಯ ಪ್ರತಿಯೊಂದಿಗೆ ತಾಲ್ಲೂಕು ಪಂಚಾಯತಿಯಲ್ಲಿ ದೂರು ನೀಡಿದರೆ ಅದನ್ನು ದೂರು ವಹಿಯಲ್ಲಿ ನಮೂದಿಸಿ ಏಳು ದಿನಗಳೊಳಗೆ ವಿಲೇವಾರಿ ಮಾಡತಕ್ಕದ್ದು. ಅರ್ಜಿ ಬರೆಯಲು ಬಾರದವರಿಗೆ ತಮ್ಮ ವಾರ್ಡಿನ ಸದಸ್ಯರೇ ನಮೂನೆ 6 ತುಂಬಿಕೊಟ್ಟು, ಸ್ವೀಕೃತಿಯಲ್ಲಿ ದಿನಾಂಕವೂ ಮುದ್ರೆಯೂ ಇವೆಯೇ ಎಂದು ನೋಡಿ ಅವರ ಕೈಗೆ ಕೊಡಿಸಬೇಕೆಂದು ಕೋರಲಾಗಿದೆ.