ಎರೆನಾಡಿನ ಓಣಿ: ಸವಳು ಮಣ್ಣು ಮತ್ತು ಸಿಹಿನೀರು

ವಸತಿಯ ಚರಿತ್ರೆಯನ್ನು ಬರೆಯುವವರು ಕೋಟೆ ವಾಡೆಗಳಿಂದ ಆರಂಭಿಸುವುದು ರೂಢಿ. ಸಾಮಾನ್ಯ ಸಂಸಾರಗಳು ಬಾಳಿದ ಓಣಿಗೆ ಅದರಲ್ಲಿ ಸ್ಥಾನ ದೊರೆಯುವುದು ವಿರಳ. ಆದರೆ ಧಾರವಾಡ ಜಿಲ್ಲೆಯ ನವಲಗುಂದ, ಅಣ್ಣಿಗೇರಿಗಳ ಎರೆನಾಡಿನಲ್ಲಿ ಓಣಿಯೇ ನೆಲದ ಕಥೆಯನ್ನು ಹೇಳಬಲ್ಲದು. ಅಲ್ಲಿಯ ಮನೆಯ ಮಾಳಿಗೆಯನ್ನೂ ನೀರಿನ ಏರ್ಪಾಟನ್ನೂ ರೂಪಿಸಿದ್ದು ಒಂದೇ ವಸ್ತು, ಮಣ್ಣಿನಲ್ಲಿರುವ ಸವಳು.

ಈ ಭಾಗದ ಹಳೆಯ ಮನೆ ದಪ್ಪ ಗೋಡೆಯದು, ಸಮತಟ್ಟು ಮಾಳಿಗೆಯದು. ತೊಲೆಗಳ ಮೇಲೆ ಜಂತಿ, ಅದರ ಮೇಲೆ ಕಟ್ಟಿಗೆ ಸೊಪ್ಪುಗಳ ಹಾಸು, ಅದರ ಮೇಲೆ ಮಣ್ಣು. ಎಲ್ಲಕ್ಕೂ ಮೇಲೆ ಸವಳು ಮಣ್ಣಿನ ಪದರ. ಸೋಡಿಯಂ ಲವಣ ಹೆಚ್ಚಾಗಿರುವ ಈ ಮಣ್ಣು ಮಳೆಯಲ್ಲಿ ನೆನೆದಾಗ ಅದರ ಸೂಕ್ಷ್ಮ ಕಣಗಳು ಬಿಡಿಬಿಡಿಯಾಗಿ ರಂಧ್ರಗಳನ್ನು ಮುಚ್ಚುವುವು. ಆದುದರಿಂದ ನೀರು ಬೇಗನೆ ಕೆಳಗಿಳಿಯದು, ಹುಲ್ಲೂ ಸುಲಭವಾಗಿ ಬೆಳೆಯದು. ಬೆಳೆಗೆ ಬಾರದ ಮಣ್ಣು ಹೀಗೆ ಮಾಳಿಗೆಗೆ ಬಂದಿತು. ಮಳೆಗಾಲಕ್ಕೆ ಮುನ್ನ ಮಾಳಿಗೆಗೆ ಹೊಸ ಮಣ್ಣು ಹಾಕಿ ಬಡಿದು ಗಟ್ಟಿಗೊಳಿಸುವುದು ಗೃಹಸ್ಥನ ಕರ್ತವ್ಯಗಳಲ್ಲೊಂದು. ಒಳಗೆ ಬೆಳಕಿಂಡಿಯಿಂದ ಇಳಿಯುವ ಬೆಳಕು. ಬೇಸಿಗೆಯ ರಾತ್ರಿ ಮಾಳಿಗೆಯೇ ಶಯನಗೃಹ. ಇದೇ ಜಿಲ್ಲೆಯ ಕಲಘಟಗಿಯತ್ತ ಸಾಗಿದರೆ ಮಲೆನಾಡಿನ ಸೆರಗು ತೊಡಗುತ್ತದೆ, ಮಳೆ ಹೆಚ್ಚುತ್ತದೆ, ಮಾಳಿಗೆ ಮರೆಯಾಗಿ ಇಳಿಜಾರಿನ ಹಂಚಿನ ಮನೆ ಕಾಣಿಸಿಕೊಳ್ಳುತ್ತದೆ.

ಮಾಳಿಗೆಯನ್ನು ಕಾಯ್ದ ಸವಳೇ ಬಾವಿಯನ್ನು ಕೆಡಿಸಿತು. ಎರೆನಾಡಿನ ಅಂತರ್ಜಲ ಬಹುಮಟ್ಟಿಗೆ ಉಪ್ಪು. ಆದಕಾರಣ ಇಲ್ಲಿಯ ಗೃಹಿಣಿಗೆ ನೀರು ಎರಡು ಬಗೆ: ಬಳಕೆಯ ನೀರು ಬಾವಿಯದು, ಕುಡಿಯುವ ನೀರು ಕೆರೆಯದು. ನವಲಗುಂದದ ನೀಲಮ್ಮನ ಕೆರೆ ಈ ಎರಡನೆಯ ಬಗೆಗೆ ಹೆಸರಾದುದು. ಕುಡಿಯುವ ಕೆರೆಗೆ ದನ ಇಳಿಸಬಾರದು, ಅದರಲ್ಲಿ ಬಟ್ಟೆ ಒಗೆಯಬಾರದು ಎಂಬ ಕಟ್ಟುಪಾಡು ಬರೆದಿಟ್ಟ ಕಾನೂನಲ್ಲ; ಊರೇ ಕಾಯ್ದುಕೊಂಡು ಬಂದ ನಡವಳಿಕೆ. ಇದನ್ನು ಹೊಗಳುವಾಗ ಒಂದು ಮಾತನ್ನು ಮರೆಮಾಚಲಾಗದು. ಓಣಿಗಳು ಜಾತಿವಾರಾಗಿದ್ದವು, ಕೆರೆಯ ಮೆಟ್ಟಿಲು ಎಲ್ಲರಿಗೂ ಸಮನಾಗಿ ತೆರೆದಿರಲಿಲ್ಲ. ಹೊತ್ತು ತರುವ ಶ್ರಮವಂತೂ ಹೆಂಗಸರ ಪಾಲಿಗೇ ಬಂದಿತ್ತು.

1970ರ ದಶಕದಲ್ಲಿ ನವಿಲುತೀರ್ಥದ ಅಣೆಕಟ್ಟಿನಿಂದ ಮಲಪ್ರಭೆಯ ಕಾಲುವೆಗಳು ಈ ಸೀಮೆಗೆ ಬಂದುವು. ಕಾಲುವೆಯ ಚರಿತ್ರೆಯೆಂದೊಡನೆ ನಮಗೆ ನೆನಪಾಗುವುದು 1980ರ ಜುಲೈ 21ರ ರೈತ ಬಂಡಾಯ, ಅದು ಯುಕ್ತವೇ. ಆದರೆ ಅದೇ ಕಾಲುವೆ ಕುಡಿಯುವ ಕೆರೆಗಳನ್ನು ತುಂಬಿಸಿದ ಸಂಗತಿ ಸಂಸಾರಗಳ ದೃಷ್ಟಿಯಿಂದ ಕಡಿಮೆ ಮಹತ್ವದ್ದಲ್ಲ. ಅತಿಯಾದ ನೀರಾವರಿಯಿಂದ ಕೆಲವು ಹೊಲಗಳಲ್ಲಿ ಜೌಗೂ ಸವಳೂ ಹೆಚ್ಚಿದುದು ಅದರ ಇನ್ನೊಂದು ಮುಖ.

ಇಂದಿನ ಹೊಸ ಬಡಾವಣೆಗಳಲ್ಲಿ ಮಣ್ಣಿನ ಮಾಳಿಗೆ ಹೋಗಿ ಕಾಂಕ್ರೀಟು ಬಂದಿದೆ. ಶೌಚಾಲಯ, ನಲ್ಲಿ, ವಿದ್ಯುದ್ದೀಪಗಳು ಬಂದಿವೆ. ಕೊಡದ ಭಾರ ಇಳಿದುದನ್ನು ಯಾರೂ ಹಳಿಯಲಾರರು. ಆದರೆ ನೆಲ ಬದಲಾಗಿಲ್ಲ. ಎರೆಮಣ್ಣು ಮಳೆಗೆ ಉಬ್ಬಿ ಬಿಸಿಲಿಗೆ ಬಿರಿಯುವುದರಿಂದ, ಪಾಯ ಗಟ್ಟಿನೆಲದವರೆಗೆ ಇಳಿಯದಿದ್ದರೆ ಹೊಸ ಗೋಡೆಯೂ ಸೀಳುತ್ತದೆ. ನಲ್ಲಿಯ ನೀರಿಗೂ ಕೆರೆಯೇ ಆಧಾರವಾಗಿರುವ ಊರುಗಳುಂಟು. ನಿತ್ಯ ಕೆರೆಗೆ ಹೋಗುವವರಿಲ್ಲದಾಗ ಅದರ ಕಾವಲು ಯಾರದೆಂಬ ಪ್ರಶ್ನೆ ಮಾತ್ರ ಹೊಸದು. 2015ರಲ್ಲಿ ನವಲಗುಂದ, ನರಗುಂದಗಳಲ್ಲಿ ಕಳಸಾ-ಬಂಡೂರಿಗಾಗಿ ಚಳವಳಿ ತೀವ್ರವಾದಾಗ ಮುಂದಿಟ್ಟ ಬೇಡಿಕೆಗಳಲ್ಲಿ ಮುಖ್ಯವಾದುದು ಕುಡಿಯುವ ನೀರೇ ಆಗಿತ್ತು.