ಜೀಪಿನ ಡಿಫರೆನ್ಶಿಯಲ್ ಎಣ್ಣೆ: ಬದಲಾಯಿಸುವುದು ಯಾವಾಗ?



ಸಂಘದ ಕಚೇರಿಗೆ ಬರುವ ಸದಸ್ಯರು ಅಡಿಕೆ ಧಾರಣೆ ವಿಚಾರಿಸಿದ ಮೇಲೆ ಇತ್ತೀಚೆಗೆ ಕೇಳುವ ಇನ್ನೊಂದು ಪ್ರಶ್ನೆ ಗಾಡಿಯದು. ತೋಟಕ್ಕೆ ಹೋಗಿಬರಲು ನಾಲ್ಕೂ ಚಕ್ರ ಎಳೆಯುವ ಜೀಪು ಅಥವಾ ಪಿಕಪ್ ಕೊಂಡವರು ನಮ್ಮಲ್ಲಿ ಈಗ ಕಡಮೆಯಿಲ್ಲ. ಇಂಜಿನ್ನಿನ ಎಣ್ಣೆಯನ್ನು ಎಲ್ಲರೂ ತಪ್ಪದೆ ಬದಲಾಯಿಸುತ್ತಾರೆ. ಆದರೆ ಡಿಫರೆನ್ಶಿಯಲ್ ಎಣ್ಣೆಯ ಮಾತು ಬಂದರೆ, "ಅದನ್ನೂ ಬದಲಾಯಿಸಬೇಕೋ?" ಎಂದು ಕೇಳುವವರೇ ಹೆಚ್ಚು. ಈ ಅಸಡ್ಡೆಗೆ ನಾವೂ ಹೊರತಾಗಿರಲಿಲ್ಲ. ಅದರ ದಂಡವನ್ನು ತೆತ್ತವರೆಂಬ ಅಧಿಕಾರದಿಂದ ಈ ಲೇಖನ ಬರೆಯುತ್ತಿದ್ದೇವೆ.

ನಮ್ಮ ಮನೆಯ ಕಥೆ

2021ರ ಜುಲೈ ತಿಂಗಳ ಮಳೆಯನ್ನು ನಮ್ಮ ಭಾಗದವರು ಯಾರೂ ಮರೆಯುವಂತಿಲ್ಲ. ಕಳಚೆಯಲ್ಲಿ ಗುಡ್ಡ ಕುಸಿದು ತೋಟ, ಮನೆ, ರಸ್ತೆಗಳು ಹೋದವು. ಅರಬೈಲ್ ಘಟ್ಟದಲ್ಲಿ ಹೆದ್ದಾರಿ ಕುಸಿಯಿತು. ಗಂಗಾವಳಿಯ ನೆರೆಗೆ ಗುಳ್ಳಾಪುರದ ಸೇತುವೆ ಕೊಚ್ಚಿಹೋಯಿತು. ಆ ದಿನಗಳಲ್ಲಿ ನಮ್ಮ ಜೀಪು ಅಕ್ಕಿ, ಔಷಧ, ಜನ ಎಲ್ಲವನ್ನೂ ಹೊತ್ತು ಹಳ್ಳ ದಾಟಿತು. ಎಷ್ಟೋ ಸಲ ನೀರು ಚಕ್ರದ ನಡುವಿನಿಂದ ಮೇಲಕ್ಕೇ ಇತ್ತು. ಮಳೆ ನಿಂತಿತು, ಗಾಡಿ ತೊಳೆದೆವು, ಇಂಜಿನ್ ಆಯಿಲ್ ಬದಲಾಯಿಸಿದೆವು. ಡಿಫರೆನ್ಶಿಯಲ್ಲಿನ ಬಿರಡೆಯನ್ನು ಬಿಚ್ಚಿ ನೋಡುವ ಬುದ್ಧಿ ಬರಲಿಲ್ಲ.

ಕೊಯ್ಲು ಶುರುವಾಗುವ ಹೊತ್ತಿಗೆ ಹಿಂದಿನಿಂದ ಗುಂಯ್ ಎಂಬ ಸದ್ದು ಕೇಳತೊಡಗಿತು. ಟಯರಿನ ಸದ್ದಿರಬಹುದೆಂದು ಸುಮ್ಮನಾದೆವು. ಜನವರಿಯಲ್ಲಿ ಒಂದು ಸಂಜೆ ಹಸಿ ಅಡಿಕೆ ಹೇರಿಕೊಂಡು ಏರು ಹತ್ತುವಾಗ ಕಟಕಟನೆ ಸದ್ದಾಗಿ ಗಾಡಿ ನಿಂತೇಬಿಟ್ಟಿತು. ಯಲ್ಲಾಪುರದ ಮೇಸ್ತ್ರಿ ಬಿಚ್ಚಿದಾಗ ಒಳಗಿನಿಂದ ಬಂದದ್ದು ಹಾಲು ಹಾಕಿದ ಚಹಾದಂಥ ದ್ರವ. ಅದರ ತಳದಲ್ಲಿ ಹಲ್ಲಿನ ಚೂರುಗಳು. "ಭಟ್ರೇ, ಇದಕ್ಕೆ ಎಣ್ಣೆ ಹಾಕ್ಸಿದ್ದು ಯಾವಾಗ?" ಎಂದು ಅವರು ಕೇಳಿದರು. ನಮ್ಮಲ್ಲಿ ಉತ್ತರವಿರಲಿಲ್ಲ.

ಕ್ರೌನ್, ಪಿನಿಯನ್, ಬೇರಿಂಗು, ಕೂಲಿ ಎಲ್ಲ ಸೇರಿ ಅರ್ಧ ಕ್ವಿಂಟಾಲಿಗೂ ಮಿಕ್ಕ ರಾಶಿ ಅಡಿಕೆಯ ಹಣ ಹೋಯಿತು. ಎರಡೂ ಕಡೆಯ ಎಣ್ಣೆ ಬದಲಾಯಿಸಿದ್ದರೆ ಎರಡು ಸಾವಿರ ರೂಪಾಯಿಯ ಆಸುಪಾಸಿನಲ್ಲಿ ಮುಗಿಯುತ್ತಿತ್ತು. ಹಣದ ಮಾತು ಹಾಗಿರಲಿ. ಜೀಪು ಗ್ಯಾರೇಜಿನಲ್ಲಿದ್ದ ಹನ್ನೊಂದು ದಿನಗಳಲ್ಲಿ ಒಂದು ರಾತ್ರಿ ನೆರೆಮನೆಯ ವೃದ್ಧರಿಗೆ ಎದೆನೋವು ಕಾಣಿಸಿಕೊಂಡಿತು. ಅವರನ್ನು ಕುರ್ಚಿಯಲ್ಲಿ ಕೂರಿಸಿ ನಾಲ್ವರು ಹೊತ್ತು ಡಾಂಬರು ರಸ್ತೆ ಮುಟ್ಟಿಸಬೇಕಾಯಿತು. ಅವರು ಗುಣವಾಗಿ ಬಂದರು. ಆದರೆ ನಮ್ಮ ಕೇರಿಗಳಲ್ಲಿ ಒಂದು ಜೀಪು ಒಂದು ಮನೆಯ ಸ್ವತ್ತು ಮಾತ್ರ ಅಲ್ಲವೆಂಬುದು ಆ ರಾತ್ರಿ ಮನವರಿಕೆಯಾಯಿತು.

ಡಿಫರೆನ್ಶಿಯಲ್ ಮಾಡುವ ಕೆಲಸವೇನು?

ಗಾಡಿ ತಿರುವಿನಲ್ಲಿ ಹೋಗುವಾಗ ಹೊರಬದಿಯ ಚಕ್ರ ಒಳಬದಿಯದಕ್ಕಿಂತ ಹೆಚ್ಚು ದೂರ ಉರುಳಬೇಕು. ಎರಡನ್ನೂ ಒಂದೇ ಸರಳಿಗೆ ಬಿಗಿದರೆ ಒಂದು ಚಕ್ರ ನೆಲವನ್ನು ಉಜ್ಜುತ್ತ ಸಾಗಬೇಕಾಗುತ್ತದೆ. ಎರಡಕ್ಕೂ ಶಕ್ತಿ ಕೊಟ್ಟು, ವೇಗದಲ್ಲಿ ಮಾತ್ರ ವ್ಯತ್ಯಾಸಕ್ಕೆ ಅವಕಾಶ ಕೊಡುವ ಗೇರುಗಳ ಜೋಡಣೆಯೇ ಡಿಫರೆನ್ಶಿಯಲ್. ಆಕ್ಸಲ್ ನಡುವೆ ಕಾಣುವ ದುಂಡನೆಯ ಉಬ್ಬಿನೊಳಗೆ ಅದು ಇರುತ್ತದೆ. ಫೋರ್ ವೀಲ್ ಗಾಡಿಯಲ್ಲಿ ಹಿಂದೊಂದು, ಮುಂದೊಂದು. ಎರಡರ ನಡುವೆ ಶಕ್ತಿಯನ್ನು ಹಂಚುವ ಟ್ರಾನ್ಸ್‌ಫರ್ ಕೇಸ್ ಬೇರೆ. ಇವು ಮೂರಕ್ಕೂ ಪ್ರತ್ಯೇಕ ಎಣ್ಣೆ ಇರುತ್ತದೆ.

ಇಲ್ಲಿ ಪಿನಿಯನ್ನಿನ ಹಲ್ಲು ಕ್ರೌನಿನ ಹಲ್ಲಿನ ಮೇಲೆ ಉರುಳುವುದರ ಜೊತೆಗೆ ಜಾರುತ್ತದೆ ಕೂಡ. ಇಷ್ಟು ಒತ್ತಡದಲ್ಲಿ ಜಾರುವ ಲೋಹಕ್ಕೆ ಸಾದಾ ಎಣ್ಣೆ ಸಾಲದು. ಆದ್ದರಿಂದಲೇ ಗೇರ್ ಆಯಿಲಿಗೆ ಗಂಧಕದ ಸಂಯುಕ್ತಗಳನ್ನು ಸೇರಿಸಿರುತ್ತಾರೆ. ಅದಕ್ಕೆ ಬರುವ ಘಾಟು ವಾಸನೆ ಇದರದೇ. ಎಣ್ಣೆಯೊಳಗೆ ನೀರು ಸೇರಿದರೆ ಹಲ್ಲುಗಳ ನಡುವಿನ ಎಣ್ಣೆಯ ಪೊರೆ ಹರಿಯುತ್ತದೆ, ಬೇರಿಂಗಿಗೆ ತುಕ್ಕು ಹಿಡಿಯುತ್ತದೆ.

ಹಳ್ಳದ ನೀರು ಒಳಗೆ ಹೋಗುವುದು ಹೇಗೆ?

ಬಹಳ ಜನ ತಿಳಿದಂತೆ ನೀರು ತೂತಿನಿಂದ ಸುಮ್ಮನೆ ನುಗ್ಗುವುದಲ್ಲ. ಓಡಿದ ಗಾಡಿಯ ಆಕ್ಸಲ್ ಬಿಸಿಯಾಗಿರುತ್ತದೆ. ಅದು ತಟ್ಟನೆ ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗಿ ಹೊರಗಿನದನ್ನು ಎಳೆದುಕೊಳ್ಳುತ್ತದೆ. ಇದಕ್ಕೆಂದೇ ಆಕ್ಸಲ್ ಮೇಲೆ ಉಸಿರಾಟದ ಸಣ್ಣ ನಳಿಗೆ ಇಟ್ಟಿರುತ್ತಾರೆ, ಬ್ರೀದರ್ ಎನ್ನುತ್ತಾರೆ. ಅದು ನೀರಿನಲ್ಲಿ ಮುಳುಗಿದರೆ ನೀರನ್ನೇ ಹೀರುತ್ತದೆ. ಕೆಸರಿನಿಂದ ಮುಚ್ಚಿದ್ದರೆ ಸೀಲುಗಳ ಅಂಚಿನಿಂದ ನೀರು ಒಳಬರುತ್ತದೆ. ಬ್ರೀದರಿಗೆ ರಬ್ಬರ್ ನಳಿಗೆ ಜೋಡಿಸಿ ಬಾನೆಟ್ಟಿನ ಎತ್ತರಕ್ಕೆ ಒಯ್ದು ಕಟ್ಟಿದರೆ ಬಹುಪಾಲು ತೊಂದರೆ ತಪ್ಪುತ್ತದೆ. ಹಳ್ಳದ ದಡದಲ್ಲಿ ಕೆಲವು ನಿಮಿಷ ನಿಲ್ಲಿಸಿ ಗಾಡಿಯನ್ನು ಆರಲು ಬಿಟ್ಟು ಇಳಿಸುವುದೂ ಒಳ್ಳೆಯದು.

ಹಾಗಾದರೆ ಎಷ್ಟು ದಿನಕ್ಕೊಮ್ಮೆ?

ಮೊದಲು ಗಾಡಿಯ ಜೊತೆ ಬಂದ ಕೈಪಿಡಿಯನ್ನು ನೋಡತಕ್ಕದ್ದು. ಗಾಡಿಯಿಂದ ಗಾಡಿಗೆ ಅಂಕಿ ಬೇರೆ. ಡಾಂಬರು ರಸ್ತೆಯ ಓಡಾಟಕ್ಕೆ ಸಾಮಾನ್ಯವಾಗಿ 40,000ದಿಂದ 50,000 ಕಿ.ಮೀ.ಗೊಮ್ಮೆ ಎಂಬುದು ರೂಢಿ. ಭಾರದ ಹೊರೆ, ಏರು, ಕೆಸರು, ನೀರು ಇದ್ದಲ್ಲಿ ಅದರ ಅರ್ಧಕ್ಕೇ ಬದಲಾಯಿಸಬೇಕು.

ನಾವು ಎಡವುವುದು ಇಲ್ಲಿಯೇ. ತೋಟದ ಜೀಪು ವರ್ಷಕ್ಕೆ ಓಡುವುದು ನಾಲ್ಕು ಸಾವಿರ ಕಿ.ಮೀ. ಎಂದು ಇಟ್ಟುಕೊಳ್ಳಿ. 40,000 ತುಂಬಲು ಹತ್ತು ವರ್ಷ ಬೇಕು. ಅಷ್ಟರಲ್ಲಿ ಹತ್ತು ಮಳೆಗಾಲ ಕಳೆದಿರುತ್ತದೆ. ಅಲ್ಲದೆ ಗೊಬ್ಬರ, ಸೊಪ್ಪು, ದರಕು ಹೇರಿಕೊಂಡು ಲೋ ಗೇರಿನಲ್ಲಿ ಏರು ಹತ್ತುವಾಗ ಮೀಟರಿನ ಅಂಕಿ ಸರಿಯುವುದೇ ಇಲ್ಲ, ಕ್ರೌನಿನ ಮೇಲಿನ ಹೊರೆ ಮಾತ್ರ ಹಲವು ಪಟ್ಟು. ಆದ್ದರಿಂದ ಕಿಲೋಮೀಟರನ್ನು ಮಾತ್ರ ನಂಬದೆ ಮಳೆಗಾಲವನ್ನೂ ಹಳ್ಳವನ್ನೂ ಲೆಕ್ಕಕ್ಕೆ ಹಿಡಿಯಬೇಕು. ನಾವು ಈಗ ಪಾಲಿಸುತ್ತಿರುವ ಕ್ರಮ ಹೀಗಿದೆ:

1. ಪ್ರತಿ ವರ್ಷ ಮಳೆಗಾಲ ಮುಗಿದ ಮೇಲೆ, ಕೊಯ್ಲಿಗೆ ಮೊದಲು, ಹಿಂದಿನ ಮತ್ತು ಮುಂದಿನ ಎರಡೂ ಡಿಫರೆನ್ಶಿಯಲ್ ಹಾಗೂ ಟ್ರಾನ್ಸ್‌ಫರ್ ಕೇಸಿನ ಎಣ್ಣೆಯ ಪರೀಕ್ಷೆ.

2. ಬಣ್ಣ ಸರಿಯಿದ್ದರೂ 20,000 ಕಿ.ಮೀ. ಅಥವಾ ಎರಡು ವರ್ಷ, ಯಾವುದು ಮೊದಲೋ ಆಗ ಬದಲಾವಣೆ. ಕೈಪಿಡಿ ಇದಕ್ಕಿಂತ ಬೇಗ ಹೇಳಿದ್ದರೆ ಕೈಪಿಡಿಯ ಮಾತೇ ಸರಿ.

3. ನೀರು ಚಕ್ರದ ನಡುವಿನಿಂದ ಮೇಲೆ ಬಂದಿದ್ದರೆ ಮರುದಿನ ಬೆಳಿಗ್ಗೆಯೇ ಪರೀಕ್ಷೆ. ಎಣ್ಣೆ ಬೆಳ್ಳಗಾಗಿದ್ದರೆ, ಬದಲಾಯಿಸಿ ಒಂದು ವಾರವಷ್ಟೇ ಆಗಿದ್ದರೂ, ಮತ್ತೆ ಬದಲಾಯಿಸಬೇಕು.

4. ಹೊಸ ಕ್ರೌನ್ ಪಿನಿಯನ್ ಕೂರಿಸಿದ್ದರೆ ಮೊದಲ ಬದಲಾವಣೆ ಸುಮಾರು 1,000 ಕಿ.ಮೀ.ಗೆ. ಹೊಸ ಹಲ್ಲುಗಳು ಕೂಡಿಕೊಳ್ಳುವಾಗ ಉದುರಿದ ಲೋಹದ ಪುಡಿ ಹೊರಗೆ ಹೋಗಲಿ.

ಪರೀಕ್ಷೆಯ ವಿಧಾನ

ಹಳ್ಳ ದಾಟಿದ ಗಾಡಿಯನ್ನು ರಾತ್ರಿಯಿಡೀ ಸಮನಾದ ನೆಲದಲ್ಲಿ ನಿಲ್ಲಿಸಿರಿ. ನೀರು ಎಣ್ಣೆಗಿಂತ ಭಾರವಾದ್ದರಿಂದ ತಳಕ್ಕೆ ಇಳಿದಿರುತ್ತದೆ. ಬೆಳಿಗ್ಗೆ ಗಾಡಿ ಅಲುಗಿಸದೆ ಕೆಳಗಿನ ಬಿರಡೆಯನ್ನು ಸ್ವಲ್ಪವೇ ಸಡಿಲಿಸಿ, ಒಂದು ತಟ್ಟೆ ಹಿಡಿಯಿರಿ. ಮೊದಲು ನೀರ ಹನಿ ಬಂದರೆ ನೀರು ಹೊಕ್ಕಿದೆಯೆಂದೇ ಅರ್ಥ. ನೀರು ಎಣ್ಣೆಯಲ್ಲಿ ಕಲಸಿಹೋಗಿದ್ದರೆ ಬೇರೆಯಾಗಿ ಬಾರದು. ಆಗ ಎಣ್ಣೆಯ ಬಣ್ಣವೇ ಸಾಕ್ಷಿ. ಬಿರಡೆಗೆ ಅಯಸ್ಕಾಂತವಿದ್ದರೆ ಅದನ್ನೂ ನೋಡಿರಿ. ನುಣ್ಣನೆಯ ಬೂದು ಮೆತ್ತೆ ಸಹಜವಾದದ್ದು. ಬೆರಳಿಗೆ ಸಿಗುವ ಚಕ್ಕೆ, ಚೂರು ಕಂಡರೆ ಮೇಸ್ತ್ರಿಗೆ ತೋರಿಸದೆ ಗಾಡಿ ಹೊರಡಿಸಬೇಡಿ.

ಬದಲಾಯಿಸುವ ದಿನ ಕೆಲವು ಕಿ.ಮೀ. ಓಡಿಸಿ ಎಣ್ಣೆ ಬೆಚ್ಚಗಾಗಲಿ, ಸಲೀಸಾಗಿ ಇಳಿಯುತ್ತದೆ. ಒಂದು ಮಾತು ಮುಖ್ಯ: ಮೇಲಿನ ತುಂಬುವ ಬಿರಡೆಯನ್ನು ಮೊದಲು ಬಿಚ್ಚಿ ನೋಡಿ, ಆಮೇಲೆ ಕೆಳಗಿನದು. ಎಣ್ಣೆ ಬರಿದು ಮಾಡಿದ ಮೇಲೆ ಮೇಲಿನದು ಬಿಚ್ಚಲು ಬಾರದಿದ್ದರೆ ಗಾಡಿ ಅಂಗಳದಲ್ಲೇ ಉಳಿಯುತ್ತದೆ. ತುಂಬುವ ತೂತಿನ ಅಂಚಿನವರೆಗೆ ಎಣ್ಣೆ ಬಂದರೆ ಸಾಕು. ಹೆಚ್ಚಾದರೆ ಸೀಲು ದಾಟಿ ಬ್ರೇಕಿಗೆ ಇಳಿಯುವ ಅಪಾಯವುಂಟು. ನೀರು ಸೇರಿದ್ದ ಗಾಡಿಗೆ ಹೊಸ ಎಣ್ಣೆ ಹಾಕಿ ಕೆಲವು ದಿನ ಓಡಿಸಿ, ಮತ್ತೊಮ್ಮೆ ನೋಡಿ, ಬೆಳ್ಳಗಿದ್ದರೆ ಪುನಃ ಬದಲಾಯಿಸಬೇಕು.

ಯಾವ ಎಣ್ಣೆ?

ಅಂಗಡಿಯಲ್ಲಿ "ತೊಂಬತ್ತು ನಂಬರ್ ಎಣ್ಣೆ ಕೊಡಿ" ಎಂದರೆ ಸಾಲದು. ತೊಂಬತ್ತು ಎಂಬುದು ಎಣ್ಣೆಯ ಮಂದತೆ ಮಾತ್ರ. ಡಬ್ಬದ ಮೇಲೆ ಜಿಎಲ್-4 ಅಥವಾ ಜಿಎಲ್-5 ಎಂದು ಇರುತ್ತದೆ. ಡಿಫರೆನ್ಶಿಯಲ್ಲಿಗೆ ಸಾಮಾನ್ಯವಾಗಿ ಜಿಎಲ್-5 ಬೇಕಾಗುತ್ತದೆ. ಅದನ್ನೇ ಜಿಎಲ್-4 ಕೇಳುವ ಗೇರ್ ಬಾಕ್ಸಿಗೆ ಸುರಿದರೆ ಒಳಗಿನ ಹಿತ್ತಾಳೆಯ ಭಾಗಗಳಿಗೆ ಧಕ್ಕೆಯಾಗಬಹುದು. ಒಂದು ಚಕ್ರ ಜಾರಿದರೆ ಇನ್ನೊಂದಕ್ಕೆ ಹಿಡಿತ ಕೊಡುವ ಬಗೆಯ ಡಿಫರೆನ್ಶಿಯಲ್ ಇದ್ದರೆ ಅದಕ್ಕೆ ವಿಶೇಷ ಎಣ್ಣೆ ಬೇಕಾಗಬಹುದು. ಸದಾಕಾಲ ನಾಲ್ಕೂ ಚಕ್ರಕ್ಕೆ ಶಕ್ತಿ ಹಂಚುವ ಹೊಸ ಕಾರುಗಳಲ್ಲಿಯೂ ಅಷ್ಟೇ. ಕೈಪಿಡಿ ಬಿಟ್ಟು ಬೇರೆ ಎಣ್ಣೆ ಹಾಕಬಾರದು.

ಮುಂದಿನ ಡಿಫರೆನ್ಶಿಯಲ್ಲನ್ನು ಮರೆಯುವುದು ಸರ್ವೇಸಾಮಾನ್ಯ. "ಫೋರ್ ವೀಲ್ ಹಾಕುವುದೇ ಅಪರೂಪ" ಎನ್ನುತ್ತಾರೆ. ಚಕ್ರವನ್ನು ಬಿಡಿಸುವ ಹಬ್ ಇಲ್ಲದ ಗಾಡಿಯಲ್ಲಿ ಟೂ ವೀಲಿನಲ್ಲಿ ಓಡುವಾಗಲೂ ಮುಂದಿನ ಗೇರುಗಳು ತಿರುಗುತ್ತಲೇ ಇರುತ್ತವೆ. ಹಳ್ಳದಲ್ಲಿ ಮೊದಲು ಮುಳುಗುವುದೂ ಅದೇ. ಇನ್ನೊಂದು ಸೂಚನೆ: ಒಂದು ಟಯರು ಹೊಸತು, ಉಳಿದವು ಸವೆದವು ಎಂದಾದರೆ ನೇರ ರಸ್ತೆಯಲ್ಲೂ ಡಿಫರೆನ್ಶಿಯಲ್ಲಿಗೆ ಬಿಡುವಿರುವುದಿಲ್ಲ. ಆದಷ್ಟು ಜೋಡಿಯಾಗಿಯೇ ಬದಲಾಯಿಸಿರಿ.

ತೆಗೆದ ಹಳೆಯ ಎಣ್ಣೆಯನ್ನು ತೋಟದ ಕಾಲುವೆಗೋ ಹಳ್ಳಕ್ಕೋ ಚೆಲ್ಲಬಾರದು. ಆ ನೀರನ್ನು ಕುಡಿಯುವವರು ಕೆಳಗಿನ ಕೇರಿಯವರು. ಡಬ್ಬದಲ್ಲಿ ತುಂಬಿಟ್ಟು ಗ್ಯಾರೇಜಿಗೆ ಕೊಡಿರಿ.

ಕೊಳೆರೋಗಕ್ಕೆ ನಾವು ಬೋರ್ಡೋ ದ್ರಾವಣ ಸಿಂಪಡಿಸುವುದು ಕಾಯಿ ಉದುರಿದ ಮೇಲಲ್ಲ, ಮಳೆ ಹಿಡಿಯುವ ಮೊದಲು. ಗಾಡಿಗೂ ಅಂಥದೊಂದು ನಿಗದಿಯ ದಿನ ಬೇಕು. ಆಯುಧ ಪೂಜೆಗೆಂದು ಹೇಗೂ ಜೀಪನ್ನು ತೊಳೆದು ಚೆಂಡುಹೂವು ಕಟ್ಟುತ್ತೇವೆ. ಆ ಮುನ್ನಾದಿನವೇ ಬಿರಡೆಗಳನ್ನೂ ಬಿಚ್ಚಿ ನೋಡುವ ರೂಢಿ ಹಾಕಿಕೊಳ್ಳೋಣ. ಬದಲಾಯಿಸಿದ ದಿನಾಂಕ ಮತ್ತು ಕಿಲೋಮೀಟರನ್ನು ಬಾಗಿಲ ಒಳಮೈಗೆ ಬರೆದಿಡಿರಿ. ಮೇಸ್ತ್ರಿ ಕೇಳಿದಾಗ ಉತ್ತರವಿರುತ್ತದೆ. ಈ ಸಲ ಪರೀಕ್ಷೆ ಮಾಡಿದ ಸದಸ್ಯರು ತಾವು ಕಂಡದ್ದನ್ನು ಸಂಘಕ್ಕೆ ಎರಡು ಸಾಲು ಬರೆದು ತಿಳಿಸಬೇಕಾಗಿ ವಿನಂತಿ.

— ಕಾರ್ಯದರ್ಶಿ